ಕವಿತೆ ಚೊಲೊ ಐತೋ ಇಲ್ಲೋ ಅಂತ ನೋಡೋದು ಹೆಂಗ?

"ಕಲೆಗೆ ಚೊಲೊ ಕೆಟ್ಟ ಅನ್ನೋದೇ ಇಲ್ರಿ, ಅವರವರ ಭಾವಕ್ಕ ಅವರವರ ಭಕುತಿಗೆ" ಅಂತ ಕವಿಗೋಷ್ಠಿ ವೇದಿಕಿ ಮ್ಯಾಲೆ ಹೇಳಿದವ್ರೇ ಕೆಳಗ ಇಳದು ಹೋಟೆಲ್‌ನ್ಯಾಗ ವಗ್ಗರಣಿ ಮಿರ್ಚಿ ತಿನ್ಕೋತ "ಅದೇನ್ ಕವಿತೇನಾ ಮಾರಾಯ, ಪಂಚಾಯ್ತಿ ನೋಟಿಸ್ ಓದಿದಂಗಿತ್ತು" ಅಂತಾರ. ಅಂದ್ರ ತೀರ್ಪು ಎಲ್ಲಾರೂ ಕೊಡ್ತೀವಿ, ಮಂದಿ ಮುಂದ ಹೇಳಾಕ ಮಾತ್ರ ಅಂಜಿಕಿ. ಅಂಜಿಕಿಗೆ ಕಾರಣಾನೂ ಐತಿ ಬಿಡ್ರಿ, ಕೊಪ್ಪಳದಂಥ ಊರಾಗ ಬರಿಯೋರು ಓದೋರು ಎಲ್ಲಾ ಗುರ್ತಿನವ್ರೇ, ಇವತ್ತು ಕೆಟ್ಟೈತಿ ಅಂದ್ರ ನಾಳೆ ಬಸ್ ಸ್ಟ್ಯಾಂಡಿನ್ಯಾಗ ಮಾರಿ ನೋಡ್ಬೇಕು. ಅದಕ್ಕ "ಚೊಲೊ ಐತಿ ಬಿಡ್ರಿ" ಅಂತ ಜಾರಿಕೊಳ್ಳೋದು ರೂಢಿ ಆಗೇತಿ.

ಆದ್ರ ಒಂದಿನ ತಾಲ್ಲೂಕು ಮಟ್ಟದ ಸ್ಪರ್ಧೆಗೆ ನಿಮ್ಮನ್ನ ನಿರ್ಣಾಯಕರು ಅಂತ ಕರೀತಾರ, ಕೈಯಾಗ ಮಾರ್ಕ್ಸ್ ಶೀಟ್ ಕೊಡ್ತಾರ, ಅವಾಗ ಜಾರಿಕೊಳ್ಳಾಕ ಆಗಂಗಿಲ್ಲ. ಇಲ್ಲಾ ಪರಿಚಯದ ಹುಡುಗ ರಾತ್ರಿ ಹನ್ನೊಂದಕ್ಕ ವಾಟ್ಸಾಪಿನ್ಯಾಗ ಕವಿತೆ ಕಳಿಸಿ "ಹೆಂಗೈತ್ರಿ ಸರ" ಅಂತಾನ, ಎರಡು ನೀಲಿ ಟಿಕ್ ಬಿದ್ದಾವ, ಉತ್ತರ ಕೊಡಲೇಬೇಕು. ಅಂಥ ಹೊತ್ತಿಗೆ ನಾನು ಹೆಂಗ ನೋಡ್ತೀನಿ ಅನ್ನೋದನ್ನ ಇಲ್ಲಿ ಬರದೀನಿ. ನನ್ನ ಪ್ರಕಾರ ಚೊಲೊ ಕೆಟ್ಟ ಅಂತ ಹೇಳಬಹುದು, ಖಂಡಿತ ಹೇಳಬಹುದು, ಒಂದೇ ಷರತ್ತು: ಹೇಳೋವ್ರು ಕೃತಿಯೊಳಗ ಒಂದು ಜಾಗದ ಮ್ಯಾಲೆ ಬೆರಳು ಇಟ್ಟು "ನೋಡ್ರಿ, ಇಲ್ಲಿ" ಅಂತ ತೋರಸ್ಬೇಕು. ಬೆರಳಿಡಾಕ ಜಾಗ ಸಿಗ್ಲಿಲ್ಲ ಅಂದ್ರ ಅದು ತೀರ್ಪಲ್ಲ, ಆ ಹೊತ್ತಿನ ಮೂಡ್ ಅಷ್ಟೇ.

ಮೊದಲನೇ ಕೆಲಸ, "ನನಗ ಸೇರ್ತು" ಅನ್ನೋದನ್ನೂ "ಚೊಲೊ ಐತಿ" ಅನ್ನೋದನ್ನೂ ಬ್ಯಾರೆ ಮಾಡ್ರಿ. ಹಾಳಿ ನಡುವೆ ಒಂದು ಗೆರಿ ಎಳದು ಎಡಕ್ಕ ಸೇರಿದ್ದು ಸೇರಲಾರದ್ದು, ಬಲಕ್ಕ ಚೊಲೊ ಇದ್ದದ್ದು ಇಲ್ಲದ್ದು ಅಂತ ಬರಕೊಂಡ್ರ ಇನ್ನೂ ಪಾಡು. ಅವ್ವನ ಮ್ಯಾಲೆ ಯಾರು ಏನು ಬರದ್ರೂ ನನ್ನ ಕಣ್ಣಾಗ ನೀರು ಬರ್ತಾವ, ಹಾಡು ಕೆಟ್ಟಿದ್ರೂ ಬರ್ತಾವ, ಆದ್ರ ಆ ನೀರು ಅವ್ವಂದು, ಕವಿದಲ್ಲ. ಅದನ್ನ ಕವಿ ಲೆಕ್ಕಕ್ಕ ಹಾಕಿ ಮಾರ್ಕ್ಸ್ ಕೊಟ್ರ ಮೋಸ ಆಗ್ತೈತಿ. ಹಂಗೇ ಸಾಕಿ ಮಧುಶಾಲೆ ವಿರಹ ಅಂತ ಬರೋ ಗಜಲ್, ಅಂದ್ರ ಎರಡೆರಡು ಸಾಲಿನ ದ್ವಿಪದಿ ಪೋಣಿಸಿದ ಪದ್ಯ, ನನಗ ಅಷ್ಟಕ್ಕಷ್ಟೇ, ಆದ್ರ ಅದರಾಗ ಚೊಲೊ ಕಟ್ಟಿದ್ದು ಯಾವುದು ಅಂತ ಗುರ್ತು ಹಿಡಿಯಾಕ ನನ್ನ ರುಚಿ ಅಡ್ಡ ಬರಬಾರದು.

ಮೂರನೇದೊಂದು ಪ್ರಶ್ನೆನೂ ನಡುವೆ ಬಂದು ಗದ್ದಲ ಮಾಡ್ತೈತಿ, "ಇದು ಕಲೇನಾ ಅಲ್ಲೇನಾ" ಅಂತ. ಅದನ್ನ ಹೊರಗ ಇಡ್ರಿ. 1917ರಾಗ ನ್ಯೂಯಾರ್ಕಿನ್ಯಾಗ ಒಂದು ಪ್ರದರ್ಶನ ಇತ್ತು, ಫೀ ಕಟ್ಟಿದ ಯಾವ ಕಲಾವಿದ ಕಳಿಸಿದ್ರೂ ಇಡ್ತೀವಿ, ತೀರ್ಪುಗಾರರು ಇಲ್ಲ, ಬಹುಮಾನ ಇಲ್ಲ ಅಂತ ಸಾರಿದ್ರು. ಮಾರ್ಸೆಲ್ ದುಷಾನ್ ಅನ್ನೋ ಫ್ರೆಂಚ್ ಕಲಾವಿದ ಬ್ಯಾರೆ ಹೆಸರಿನ ಸಹಿ ಹಾಕಿ ಗಂಡಸ್ರ ಶೌಚಾಲಯದಾಗಿನ ಒಂದು ಮೂತ್ರಿ ಪಾತ್ರೆ ಕಳಿಸಿದ, ಸಂಘಟಕರು ತಲಿ ಕೆಡಿಸ್ಕೊಂಡು ಕೂತು ಕಡೀಕ ಇಡಲೇ ಇಲ್ಲ. ತೀರ್ಪೇ ಇಲ್ಲ ಅಂದವ್ರೂ ತೀರ್ಪು ಕೊಟ್ರು ನೋಡ್ರಿ. ಇದು ಕಲೇನಾ ಅನ್ನೋ ಜಗಳ ಇನ್ನೂ ನಡದೈತಿ, ನಡೀಲಿ, ನಮ್ಮ ಕೈಯಾಗಿರೋದು ಎಂಟನೇತ್ತ ಹುಡುಗಿ ಬರದ ಕವಿತೆ, ಅದು ಕವಿತೆ ಅಂತ ಆಕಿ ಅಂದಾಳ, ಒಪ್ಪಿಕೊಂಡು ಮುಂದ ಹೋಗೋಣು.

ಬೆರಳಿಡೋದು ಅಂದ್ನೆಲ್ಲಾ, ಅದಕ್ಕ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1757ರಾಗ ಬರದ ಪ್ರಬಂಧದಾಗ ಒಂದು ಕಥಿ ಐತಿ, ಡಾನ್ ಕ್ವಿಕ್ಸೋಟ್ ಕಾದಂಬರಿಯಿಂದ ಎತ್ತಿಕೊಂಡದ್ದು. ಇಬ್ಬರಿಗೆ ಒಂದು ಪೀಪಾಯಿ ವೈನ್ ರುಚಿ ನೋಡಾಕ ಹೇಳ್ತಾರ. ಒಬ್ಬಾವ ಚೊಲೊ ಐತಿ ಆದ್ರ ಚರ್ಮದ ವಾಸನಿ ಬರ್ತೈತಿ ಅಂತಾನ, ಇನ್ನೊಬ್ಬಾವ ಚೊಲೊ ಐತಿ ಆದ್ರ ಕಬ್ಬಿಣದ ರುಚಿ ಅಂತಾನ. ಮಂದಿ ಇಬ್ಬರನ್ನೂ ನೋಡಿ ನಕ್ಕರು. ಪೀಪಾಯಿ ಖಾಲಿ ಮಾಡಿದ್ರ ತಳದಾಗ ಚರ್ಮದ ಪಟ್ಟಿ ಕಟ್ಟಿದ ಹಳೇ ಕೀಲಿಕೈ ಬಿದ್ದಿತ್ತು. ನಮ್ಮ ಕೆಲಸ ಆ ಕೀಲಿಕೈ ಹುಡುಕೋದು. ರುಚಿ ಕೆಟ್ಟೈತಿ ಅಂತ ಹೇಳಿ ಸುಮ್ಕ ಕೂಡೋದಲ್ಲ, ಎಲ್ಲಿಂದ ಬರಾಕತ್ತೈತಿ ಅಂತ ತಳ ಮುಟ್ಟಿ ನೋಡೋದು.

ಇನ್ನ ಕೈಯಾಗಿರೋದು ಯಾವ ಜಾತಿ ಪದ್ಯ ಅಂತ ನೋಡ್ರಿ, ಯಾಕಂದ್ರ ಕೆಲವಕ್ಕ ನಿಯಮ ಅದಾವ, ಅಲ್ಲಿ ಕೆಲಸ ಅರ್ಧ ಸಲೀಸು. ಗಜಲ್ ತಗೋರಿ. ಕನ್ನಡದಾಗ ಗಜಲ್ ಬೇರು ಬಿಟ್ಟಿದ್ದೇ ರಾಯಚೂರು ಕಡಿ, ಕವಿ ಶಾಂತರಸರಿಂದ, ಹಂಗಾಗಿ ನಮ್ಮ ಭಾಗದಾಗ ಎಲ್ಲಿ ಕವಿಗೋಷ್ಠಿ ಆದ್ರೂ ಗಜಲ್ ಇದ್ದೇ ಇರ್ತಾವ. ಮೊದಲನೇ ದ್ವಿಪದಿ, ಅಂದ್ರ ಮತ್ಲಾ, ಅದರ ಎರಡೂ ಸಾಲಿನ ಕೊನಿಗೆ ಒಂದೇ ಪದ ಹೊಳ್ಳಿ ಹೊಳ್ಳಿ ಬರಬೇಕು, ಅದು ರದೀಫ್. ಅದರ ಹಿಂದ ಪ್ರಾಸದ ಪದ ಇರಬೇಕು, ಅದು ಕಾಫಿಯಾ. ಮುಂದಿನ ಶೇರ್‌ಗಳೊಳಗ, ಅಂದ್ರ ದ್ವಿಪದಿಗಳೊಳಗ, ಎರಡನೇ ಸಾಲಿಗೆ ಮಾತ್ರ ಇವೆರಡೂ ಬಂದ್ರ ಸಾಕು. ಭಾಳ ಮಂದಿ ರದೀಫ್ ಒಂದು ಹಾಕಿ ಕಾಫಿಯಾ ಮರ್ತು "ಗಜಲ್" ಅಂತ ತಲಿಬರಹ ಕೊಟ್ಟಿರ್ತಾರ. ಅದು ಪದ್ಯ ಆಗಿರಬಹುದು, ಚೊಲೊ ಪದ್ಯಾನೂ ಆಗಿರಬಹುದು, ಗಜಲ್ ಅಲ್ಲ. ಹೇಳಾಕ ಹಿಂದ ಮುಂದ ನೋಡೋ ಕಾರಣನೇ ಇಲ್ಲ, ಇದು ರುಚಿ ಮಾತಲ್ಲ.

ಆದ್ರ ನಿಯಮ ಪಾಸಾದ್ರ ಚೊಲೊ ಅಂತಲ್ಲ, ಇಲ್ಲೇ ಮಂದಿ ಎಡವೋದು. ತೋರಸಾಕ ಅಂತ ನಾನೇ ಒಂದು ಮತ್ಲಾ ಕಟ್ಟೀನಿ, ತುಂಗಭದ್ರಾ ಎಡದಂಡೆ ಕಾಲುವಿ ಕೊನಿಭಾಗದ, ಅಂದ್ರ ಟೇಲೆಂಡ್ ರೈತರ ಮ್ಯಾಲೆ:

ಕಾಲುವಿ ತುಂಬಿ ಹರಿದರೂ ನಮ್ಮ ಹೊಲ ಮುಟ್ಟಲಿಲ್ಲ ನೀರು
ಹೋರಾಡಿ ದಣಿದರೂ ನಮ್ಮ ಮನಿ ಬಾಗಿಲ ತಟ್ಟಲಿಲ್ಲ ನೀರು

ರದೀಫ್ "ನೀರು", ಕಾಫಿಯಾ "ಮುಟ್ಟಲಿಲ್ಲ, ತಟ್ಟಲಿಲ್ಲ", ಲೆಕ್ಕ ಸರಿ ಐತಿ. ಸಭಿಕರು ಒಂದ್ಸಲ ವಾಹ್ ಅಂತಾರ. ಈಗ ಎರಡನೇ ಸಾಲಿನ ಮ್ಯಾಲೆ ಬೆರಳಿಡ್ರಿ. ಕಾಲುವಿ ನೀರು ಮನಿ ಬಾಗಿಲ ತಟ್ಟಬೇಕು ಅಂತ ಯಾವ ರೈತ ಹೋರಾಟ ಮಾಡ್ಯಾನ? ಬಾಗಿಲಿಗೆ ನೀರು ಬಂದ್ರ ಅದಕ್ಕ ಪ್ರವಾಹ ಅಂತಾರ್ರೀ, ಅದಕ್ಕ ಪರಿಹಾರದ ಅರ್ಜಿ ಬ್ಯಾರೆ ಐತಿ. "ತಟ್ಟಲಿಲ್ಲ" ಬಂದದ್ದು ಅರ್ಥಕ್ಕಲ್ಲ, "ಮುಟ್ಟಲಿಲ್ಲ"ಕ್ಕ ಪ್ರಾಸ ಬೇಕಿತ್ತು ಅಂತ. ಪ್ರಾಸ ಕವಿನ್ನ ಎಳಕೊಂಡು ಹೋಗೇತಿ, ಕವಿ ಪ್ರಾಸಾನ ಎಳಕೊಂಡು ಬಂದಿಲ್ಲ. ಇದೇ ಆ ಪೀಪಾಯಿ ತಳದಾಗಿನ ಕೀಲಿಕೈ. ಗಜಲ್ ಅಷ್ಟೇ ಅಲ್ಲ, ಪ್ರಾಸ ಇದ್ದ ಯಾವ ಪದ್ಯ ಓದಿದ್ರೂ ಪ್ರಾಸದ ಪದದ ಮ್ಯಾಲೇ ಮೊದಲು ಕಣ್ಣು ಹಾಕ್ರಿ, ಅಲ್ಲೇ ಕಳ್ಳತನ ಜಾಸ್ತಿ.

ನಿಯಮ ಇಲ್ಲದ ಪದ್ಯಕ್ಕ ಏನ್ ಮಾಡೋದು ಅಂದ್ರ, ನಾನು ಎರಡು ಕೆಲಸ ಮಾಡ್ತೀನಿ, ಒಂದು ಅದಲಿ ಬದಲಿ ಮಾಡಿ ನೋಡೋದು, ಇನ್ನೊಂದು ತೆಗದು ನೋಡೋದು. ಇವೂ ಎರಡು ಇಲ್ಲಿಗಂತಲೇ ಕಟ್ಟಿದ ಪದ್ಯ, ಯಾರ್ದೂ ಅಲ್ಲ. ಮೊದಲನೇದು:

ಓ ಅನ್ನದಾತ, ನೀನೇ ಈ ದೇಶದ ಬೆನ್ನೆಲುಬು
ನಿನ್ನ ಬೆವರ ಹನಿಯೇ ನಮ್ಮ ಬಾಳಿನ ಬೆಳಕು
ನಿನಗಿದೋ ನನ್ನ ಕೋಟಿ ಕೋಟಿ ನಮನ

ಎರಡನೇದು:

ಹಲ್ಲಾಗ ಕಚ್ಚಿದ್ದ ಸುತಳಿ ಬಿಟ್ಟು
ಅಪ್ಪ ರೇಟ್ ಕೇಳ್ದ.
ದಲಾಲಿ ಹೇಳ್ದ.
ಅಪ್ಪ ಸುತಳಿ ಹೊಳ್ಳಿ ಕಚ್ಚಿಕೊಂಡ.

ಮೊದಲನೇದರಾಗ "ಅನ್ನದಾತ" ತೆಗದು "ವೀರಯೋಧ" ಹಾಕ್ರಿ. ನಡೀತೈತಿ. "ಗುರುವೇ" ಹಾಕ್ರಿ, ಅದೂ ನಡೀತೈತಿ, ಸೆಪ್ಟೆಂಬರ್ 5ಕ್ಕ ಓದಬಹುದು. "ಪೌರಕಾರ್ಮಿಕ" ಹಾಕಿದ್ರೂ ಯಾವ ಸಾಲೂ ತಕರಾರು ಮಾಡಂಗಿಲ್ಲ. ಅಂದ್ರ ಈ ಪದ್ಯದೊಳಗ ರೈತ ಇಲ್ಲವೇ ಇಲ್ಲ, ಹೆಸರು ಬರಿಯಾಕ ಖಾಲಿ ಜಾಗ ಬಿಟ್ಟ ಫಾರ್ಮ್ ಐತಿ ಅಷ್ಟೇ. ಬರದಾವನ ಮನಸು ಒಳ್ಳೇದು ಇರಬಹುದು, ರೈತರ ಮ್ಯಾಲಿನ ಗೌರವ ಖರೇ ಇರಬಹುದು, ನಾವು ಮನಸಿಗೆ ಮಾರ್ಕ್ಸ್ ಕೊಡಾಕ ಕೂತಿಲ್ಲ.

ಎರಡನೇದರಾಗ ಅಪ್ಪನ ಬದಲಿ ಯೋಧನ್ನ ಹಾಕಾಕ ಬರಂಗಿಲ್ಲ. ಚೀಲ ಹೊಲಿಯೋವ್ನ ಹಲ್ಲಾಗೇ ಸುತಳಿ ಇರ್ತೈತಿ. ಈಗ ತೆಗದು ನೋಡ್ರಿ, "ಹೊಳ್ಳಿ" ಅನ್ನೋ ಒಂದು ಪದ ತೆಗೀರಿ. "ಅಪ್ಪ ಸುತಳಿ ಕಚ್ಚಿಕೊಂಡ", ಅಷ್ಟ ಆತು, ಸುಮ್ನ ಒಂದು ಕೆಲಸದ ವರದಿ. "ಹೊಳ್ಳಿ" ಇದ್ದಾಗ ಮಾತ್ರ, ಬಾಯಿ ಒಂದು ಕ್ಷಣ ತೆರೀತು, ರೇಟು ಕೇಳಿದ ಮ್ಯಾಲೆ ಮಾತಾಡೋ ಅರ್ಥ ಉಳಿಲಿಲ್ಲ, ಬಾಯಿ ಮುಚ್ಚಿತು ಅನ್ನೋದು ಬರ್ತೈತಿ. ಎಷ್ಟು ರೇಟು ಅಂತ ಕವಿ ಹೇಳೇ ಇಲ್ಲ, ಹೇಳಿದ್ರ ಮುಂದಿನ ವರ್ಷಕ್ಕ ಪದ್ಯ ಹಳತಾಗತಿತ್ತು. ದುಃಖ ಅನ್ನೋ ಪದಾನೂ ಇಲ್ಲ. ಹೇಳಲಾರದ್ದು ಹೊಳಿಯೋದಕ್ಕ ಕಾಶ್ಮೀರದ ಆನಂದವರ್ಧನ ಒಂಬತ್ತನೇ ಶತಮಾನದಾಗ ಧ್ವನಿ ಅಂತ ಹೆಸರಿಟ್ಟು ಕಾವ್ಯದ ಜೀವ ಇದೇ ಅಂದ. ಈಗ ಐದನೇ ಸಾಲು ಅಂತ "ರೈತನ ಗೋಳು ಕೇಳೋರ್ಯಾರು" ಅಂತ ಸೇರಿಸಿ ಓದ್ರಿ, ಹೆಂಗ ಹಾಳಾಗ್ತೈತಿ ಅಂತ ಕಿವೀಗೇ ಗೊತ್ತಾಗ್ತೈತಿ. ನಮ್ಮ ಕವಿಗೋಷ್ಠಿಗಳೊಳಗ ಓದೋ ಅರ್ಧಕ್ಕರ್ಧ ಪದ್ಯ ಕೊನೀ ಸಾಲು ಒಂದು ಹೊಡದು ಹಾಕಿದ್ರ ಸುಧಾರಿಸ್ತಾವ ಅಂತ ನನ್ನ ಗಟ್ಟಿ ಅಭಿಪ್ರಾಯ.

ಕಿವಿ ಅಂದ್ರ ನೆನಪಾತು, ದನಿಗೆ ಮೋಸ ಹೋಗಬ್ಯಾಡ್ರಿ. ಹಾಡಿಕಿ ಕೇಳಿ ಬೆಳದ ಸೀಮಿ ನಮ್ದು, ಮಾನ್ವಿ ಜಗನ್ನಾಥದಾಸರ ಊರು, ಗಾಯಕ ಸಿದ್ಧರಾಮ ಜಂಬಲದಿನ್ನಿಯವ್ರು ವಚನ ದಾಸರಪದ ಎತ್ತಿಕೊಂಡ್ರ ಅರ್ಥ ಆಗದವ್ರೂ ಕಣ್ಣು ಮುಚ್ಚಿ ಕೂಡ್ತಿದ್ರು. ದಾಸರಪದ ಹಾಡಾಕ ಅಂತಲೇ ಕಟ್ಟಿದ್ದು, ಅದನ್ನ ಹಾಳಿ ಮ್ಯಾಲೆ ಅಷ್ಟೇ ಓದಿ ತೂಗೋದು ಅನ್ಯಾಯ. ಆದ್ರ ಕವನ ವಾಚನ ಅಂತ ಸ್ಪರ್ಧೆ ಇಟ್ಟು ಕವಿತೆಗೆ ಬಹುಮಾನ ಕೊಡೋವಾಗ, ಗಂಟಲು ಚೊಲೊ ಇದ್ದ ಹುಡುಗ ಏನು ಓದಿದ್ರೂ ಮೊದಲು ಬರ್ತಾನ, ತೊದಲೋ ಹುಡುಗಿ ಎಂಥದ್ದು ಬರದ್ರೂ ಸಮಾಧಾನಕರ ಬಹುಮಾನ. ಅದಕ್ಕ ಸಂಘಟಕರಿಗೆ ಮೊದಲೇ ಹೇಳ್ರಿ, ಕವಿತೆ ಹಾಳಿ ನಮ್ಮ ಕೈಗೆ ಕೊಡ್ರಿ ಅಂತ. ವಾಚನಕ್ಕ ಬ್ಯಾರೆ ಮಾರ್ಕ್ಸ್, ಬರಹಕ್ಕ ಬ್ಯಾರೆ.

ಚಿತ್ರ, ಗೊಂಬಿ, ಶಿಲ್ಪ ಇವಕ್ಕೂ ಇದೇ ದಾರಿ, ಆದ್ರ ಇಲ್ಲಿ ಇನ್ನೊಂದು ಪ್ರಶ್ನೆ ಮೊದಲು ಕೇಳ್ಬೇಕು: ಇದು ಎಲ್ಲಿ ಇಡಾಕ, ಯಾವುದಕ್ಕ ಮಾಡಿದ್ದು? ತೊಗಲುಗೊಂಬಿ ತಂದು ಟ್ಯೂಬ್‌ಲೈಟ್ ಕೆಳಗ ಗ್ವಾಡಿಗೆ ನೇತ ಹಾಕಿ "ಬಣ್ಣ ಮಬ್ಬು" ಅನ್ನೋರನ್ನ ನೋಡೀನಿ. ಅದರ ಹಿಂದ ದೀಪ ಇರಬೇಕ್ರಿ, ತೊಗಲಿನ್ಯಾಗ ಕೊರದ ಸಣ್ಣ ಸಣ್ಣ ತೂತಿನಿಂದ ಬೆಳಕು ಹಾದಾಗ ಅದು ಒಡವಿ ಆಗ್ತೈತಿ. ಬಳ್ಳಾರಿ ಕಡಿ ತೊಗಲುಗೊಂಬಿಯಾಟ ಪರದಿ ಮುಂದ ಕೂತು ನೋಡಿದವ್ರಿಗೆ ಇದನ್ನ ಹೇಳಬೇಕಾಗಿಲ್ಲ.

ಕಿನ್ನಾಳದ ಗೊಂಬಿ ಇನ್ನೂ ಚೊಲೊ ಪಾಠ. ಕೊಪ್ಪಳಕ್ಕ ಬಂದವ್ರು ತಗೊಂಡು ಹೋಗ್ತಾರ, ಹೆಚ್ಚಿನವ್ರು ಹೊಳಪು ನೋಡಿ ಆರಿಸ್ತಾರ. ಹೊಳಪು ಕಡೀಗೆ ನೋಡ್ರಿ. ಚಿತ್ರಗಾರ ಮನೆತನದವ್ರು ಹಗುರ ಮರದಾಗ ಕೆತ್ತಿ, ತುಂಡುಗಳನ್ನ ಹುಣಸಿ ಬೀಜದ ಅಂಟಿನಿಂದ ಜೋಡಿಸಿ, ಮರದ ಹೊಟ್ಟು ಹುಣಸಿ ಬೀಜದ ಅಂಟು ಕಲಿಸಿದ ಕಿಟ್ಟ ಬಳದು, ಮ್ಯಾಲೆ ಬಟ್ಟಿ ಅಂಟಿಸಿ, ಕಲ್ಲಿನ ಪುಡಿಗೆ ಅಂಟು ಕಲಿಸಿ ಒಡವಿ, ಕಿರೀಟ ಉಬ್ಬಿಸಿ ಮಾಡಿ, ಆಮ್ಯಾಲೆ ಬಣ್ಣಕ್ಕ ಬರ್ತಾರ. ಹಂಗಾಗಿ ಬೆರಳು ಖರೇನೇ ಇಡಬಹುದು ಇಲ್ಲಿ: ಕೊರಳಾಗಿನ ಸರದ ಮ್ಯಾಲೆ ಬೆರಳು ಆಡಿಸಿ, ಉಬ್ಬು ಐತೋ, ಇಲ್ಲಾ ಬರೇ ಬ್ರಷ್‌ನ್ಯಾಗ ಹಳದಿ ಚುಕ್ಕಿ ಇಟ್ಟಾರೋ? ತುಂಡು ಕೂಡಿದ ಜಾಗ ಬಣ್ಣದ ಕೆಳಗ ಕಾಣ್ತೈತೋ? ಬೆನ್ನು ತಿರುಗಿಸಿ ನೋಡ್ರಿ, ಹಿಂದಿನ ಭಾಗ ಮುಗಿಸ್ಯಾರೋ ಅರ್ಧಕ್ಕ ಬಿಟ್ಟಾರೋ? ಎರಡೂ ಕಣ್ಣು ಒಂದೇ ಕಡಿ ನೋಡ್ತಾವೋ? ಇಷ್ಟು ಕಸುಬು. ಇದಾದ ಮ್ಯಾಲೆ, ಗರುಡ ಆದ್ರ ಗರುಡನ ಬಿರುಸು ಐತಾ, ಗೌರಿ ಆದ್ರ ಪೂಜಿಗೆ ಇಟ್ಟಾಗ ಮನ್ಯಾಗಿನ ಹೆಣ್ಣುಮಗಳು ಅನ್ನಿಸ್ತಾಳಾ? ಗರುಡನ ಹುಬ್ಬು ಗೌರಿಗೆ ಬಂದ್ರ ಕೆತ್ತನಿ ಎಷ್ಟು ನಾಜೂಕಿದ್ರೂ ತಪ್ಪೇ. ಹನ್ನೊಂದನೇ ಶತಮಾನದ ಕ್ಷೇಮೇಂದ್ರ ಇದಕ್ಕ ಔಚಿತ್ಯ ಅಂದ, ಡಾಬು ಕೊರಳಿಗೆ, ಹಾರ ಸೊಂಟಕ್ಕ ಹಾಕ್ಕೊಂಡ್ರ ನಗೆಪಾಟಲಾಗ್ತೈತಿ ಅಂತ ಅವನೇ ಉದಾಹರಣಿ ಕೊಟ್ಟಾನ. ಬಂಗಾರ ಅಸಲೇ, ಜಾಗ ತಪ್ಪು.

"ನಾವೇನು ಎಂಎ ಮಾಡೀವಾ, ನಮಗೇನ್ ತಿಳೀತೈತಿ" ಅನ್ನೋರಿಗೆ ಒಂದು ಮಾತು. ಕನ್ನಡದಾಗ ಈಗ ಸಿಕ್ಕಿರೋ ಮೊದಲನೇ ಗ್ರಂಥ ಕವಿರಾಜಮಾರ್ಗ, ಸುಮಾರು 850ರ ಹೊತ್ತಿಂದು, ನೃಪತುಂಗನ ಆಸ್ಥಾನದ ಶ್ರೀವಿಜಯಂದು. ಅದು ಕಥಿ ಅಲ್ಲ, ಕಾವ್ಯ ಹೆಂಗಿರಬೇಕು, ದೋಷ ಯಾವುವು ಅಂತ ಹೇಳೋ ಕೈಪಿಡಿ, ಅಂದ್ರ ಚೊಲೊ ಕೆಟ್ಟ ಹೇಳಬಹುದಾ ಅನ್ನೋ ಚರ್ಚೆ ನಮ್ಮ ಭಾಷೆಯೊಳಗ ಪುಸ್ತಕ ಶುರು ಆದ ಕಾಲದಿಂದ ಐತಿ. ಕನ್ನಡದ ತಿರುಳು ಇರೋ ನಾಡಿನ ಗಡಿ ಹೇಳುವಾಗ ಅದು "ಮಹಾ ಕೊಪಣ ನಗರ" ಅಂತ ಹೆಸರಿಸೋದು ನಮ್ಮ ಕೊಪ್ಪಳಾನೇ. ಅದೇ ಗ್ರಂಥ ಈ ನಾಡಿನ ಮಂದಿ "ಕುರಿತೋದದೆಯುಂ" ಕಾವ್ಯ ಬಲ್ಲವ್ರು, ಅಂದ್ರ ಕೂತು ಓದಲಾರದೇನೂ ಬಲ್ಲವ್ರು ಅಂದೈತಿ. ಸರ್ಟಿಫಿಕೇಟ್ ಬ್ಯಾರೆ ಯಾಕ ಬೇಕ್ರಿ.

ಕಾಲ ತೀರ್ಪು ಕೊಡ್ತೈತಿ ಅನ್ನೋ ವಾದಾನೂ ಐತಿ, ಅದನ್ನ ಅರ್ಧ ನಂಬ್ತೀನಿ. ಕುಕನೂರು ಹತ್ರ ಇಟಗಿ ಮಹಾದೇವ ಗುಡಿ ಐತಲ್ಲ, ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, 1112ರ ಶಾಸನ ಅದನ್ನ "ದೇವಾಲಯ ಚಕ್ರವರ್ತಿ" ಅಂತೈತಿ. ಕಟ್ಟಿಸಿದಾವನ ಶಾಸನ ಹೊಗಳದೇ ಇರ್ತೈತಾ, ಆದ್ರ ಒಂಬೈನೂರು ವರ್ಷ ಆದ ಮ್ಯಾಲೂ ಕಂಬದ ಮುಂದ ನಿಂತವ್ರು ಅದು ಸುಳ್ಳು ಅಂದಿಲ್ಲ. ಹಂಗಂತ ಉಳಿದದ್ದೆಲ್ಲ ಚೊಲೊ, ಅಳಿದದ್ದೆಲ್ಲ ಕೆಟ್ಟದ್ದು ಅಂತಲ್ಲ. ಗುಡಿ ಕಲ್ಲಿಂದು, ಉಳೀತು. ಬೀಸೋ ಕಲ್ಲಿನ ಮುಂದ ಹೆಣ್ಣುಮಕ್ಕಳು ಕಟ್ಟಿದ ಪದ ಒಂದಿಷ್ಟು ಮಾತ್ರ ಬರಕೊಂಡ್ರು, ಗಿರಣಿ ಬಂತು, ಉಳಿದವು ಹೋದ್ವು. ಅವು ಸೋತದ್ದು ಪರೀಕ್ಷೆದಾಗಲ್ಲ, ಪರೀಕ್ಷೆಗೇ ಯಾರೂ ಕೂಡಿಸ್ಲಿಲ್ಲ. ಇವತ್ತು ನಿಮ್ಮ ಕೈಯಾಗಿರೋ ಪದ್ಯಕ್ಕ ಕಾಲ ಬಂದು ಮಾರ್ಕ್ಸ್ ಹಾಕೋತನ ಕಾಯಾಕ ಹೆಡ್ ಮಾಸ್ತರು ಬಿಡಂಗೂ ಇಲ್ಲ.

ಇನ್ನ ಹೇಳೋ ರೀತಿ. ಸಣ್ಣ ಹುಡುಗ್ರಿಗೆ ಮೊದಲು ಅವರದ್ದೇ ಆದ ಒಂದು ಸಾಲು ಹುಡುಕಿ ಕೊಡ್ರಿ. "ತಮ್ಮಾ, ಅಜ್ಜನ ಟವೆಲ್ಲಿಗೆ ಬಸ್ ಟಿಕೆಟ್ ಗಂಟು ಹಾಕಿದ್ದು ಅಂತ ಬರದೀ ನೋಡು, ಇದು ನಿಂದು. ಉಳಿದ ಹತ್ತು ಸಾಲು ಎಲ್ಲಾರ್ದೂ." ಅಷ್ಟ ಅಂದ್ರ ಸಾಕು, ಚುರುಕಿದ್ದಾವ ಹತ್ತು ಸಾಲು ತಾನೇ ಹೊಡದು ಹಾಕಿ ವಾರದಾಗ ಹೊಳ್ಳಿ ಕಳಸ್ತಾನ. ಹಿರಿಯರು, ರಿಟೈರ್ಡ್ ಮಾಸ್ತರು ಸ್ವಂತ ಖರ್ಚಿನ್ಯಾಗ ಸಂಕಲನ ಅಚ್ಚು ಹಾಕಿಸಿ ಕೈಗೆ ಕೊಟ್ಟಾಗ "ಸರ, ನಿಮ್ಮ ಇಪ್ಪತ್ತನೇ ಪುಟದ ಪದ್ಯ ಎರಡು ಸಲ ಓದ್ಕೊಂಡೀನ್ರಿ" ಅಂತ ಖರೇ ಓದಿ ಖರೇ ಹೇಳ್ರಿ. ಉಳಿದ ಪುಟದ ಬಗ್ಗೆ ನೀವು ಸುಮ್ನ ಇದ್ದದ್ದು ಅವರಿಗೆ ತಿಳೀತೈತಿ, ಮಾಸ್ತರಿಕಿ ಮಾಡಿದವ್ರು. "ಅದ್ಭುತ" ಅನ್ನೋ ಪದ ಮಾತ್ರ ಯಾರಿಗೂ ಬಳಸಬ್ಯಾಡ್ರಿ, ಅದನ್ನ ಎಲ್ಲಾರ ಕಾಮೆಂಟಿಗೂ ಹಾಕಿ ಹಾಕಿ ಸವೆಸಿಬಿಟ್ಟೀವಿ.

ಸ್ಪರ್ಧೆಯೊಳಗ ಕೂತಾಗ, ಒಂದೊಂದು ಓದಿದಂಗ ಮಾರ್ಕ್ಸ್ ಹಾಕಬ್ಯಾಡ್ರಿ, ಎಲ್ಲಾ ಓದಿದ ಮ್ಯಾಲೇ ಹಾಕ್ರಿ, ಇಲ್ಲಾಂದ್ರ ಮೊದಲು ಬಂದಾವ ಸುಮ್ಸುಮ್ನ ಸಾಯ್ತಾನ, ಯಾಕಂದ್ರ ಮುಂದ ಏನೋ ಚೊಲೊ ಬರ್ತೈತಿ ಅಂತ ನಾವು ಕೈ ಹಿಡ್ಕೊಂಡಿರ್ತೀವಿ. ಎಲ್ಲಾರಿಗೂ ಏಳು, ಏಳುವರಿ ಹಾಕಿ ಎದ್ದು ಬರೋದೂ ಬ್ಯಾಡ. ಕೆಟ್ಟದ್ದಕ್ಕ ಮೂರು ಹಾಕ್ರಿ, ಪಕ್ಕದಾಗ ಯಾವ ಸಾಲು ಅಂತ ಒಂದು ಪದ ಗೀಚಿ ಇಟ್ಕೋರಿ, ಪಾಲಕರು ಕೇಳಾಕ ಬಂದ್ರ ಬೇಕಾಗ್ತೈತಿ, ಬಂದೇ ಬರ್ತಾರ.

ಇಬ್ಬರು ನಿರ್ಣಾಯಕರು ಒಪ್ಪಲಿಲ್ಲ ಅಂದ್ರ ದನಿ ಏರಿಸೋದು ಬ್ಯಾಡ, ಹಾಳಿ ಟೇಬಲ್ ಮ್ಯಾಲೆ ಇಟ್ಟು ಇಬ್ಬರೂ ಬೆರಳು ಇಡ್ರಿ. ಜಾಗ ತೋರಸಾಕ ಬರಲಾರದವ್ರು ಬಿಟ್ಟು ಕೊಡ್ಬೇಕು. ಇಬ್ಬರೂ ತೋರಿಸಿ, ಇಬ್ಬರ ಮಾತೂ ಖರೇ ಅನ್ನಿಸಿ, ಆದ್ರೂ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದೇ ಮ್ಯಾಲೆ ಅನ್ನಿಸಿದ್ರ, ಅಲ್ಲಿಗೆ ರುಚಿಯ ಗಡಿ ಬಂತು ಅಂತ ತಿಳ್ಕೊಂಡು ಮೊದಲನೇ ಬಹುಮಾನ ಎರಡೂ ಕವಿತೆಗೆ ಹಂಚ್ರಿ. ಸಂಘಟಕರು ಶೀಲ್ಡ್ ಒಂದೇ ತಂದೀವಲ್ರಿ ಅಂತ ಗೊಣಗ್ತಾರ. ಗೊಣಗಲಿ, ಬಜಾರದಾಗ ಇನ್ನೊಂದು ಸಿಗ್ತೈತಿ.